ಸದ್ದಿಲ್ಲದ ಕೋಣೆ

ನಮ್ಮೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಬಂದವರ ಮುಖವನ್ನು ಆಮೇಲೆ ನೋಡುತ್ತಾರೆ, ಮೊದಲು ಕಿವಿ ಕೊಡುತ್ತಾರೆ. ಗೇಟಿಗೆ ತೂಗುಹಾಕಿದ ಹಲಗೆಯಲ್ಲಿ 'ಮನೆ ಬಾಡಿಗೆಗಿದೆ' ಎಂಬುದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿ 'ಸದ್ದಿಲ್ಲದ ಕುಟುಂಬಕ್ಕೆ ಮಾತ್ರ' ಎಂದು ಬರೆದಿರುತ್ತದೆ. ಹೊಸದಾಗಿ ಊರಿಗೆ ಬಂದವರು ಅದನ್ನು ಓದಿ, ಮಕ್ಕಳ ಗಲಾಟೆ ಸಹಿಸದ ಮಾಲೀಕರಿರಬೇಕು ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳುವ ಅನುಕೂಲ ನಮಗಿಲ್ಲ. ಅದನ್ನು ಬರೆದಿರುವುದು ನಮಗಾಗಿಯೇ.

ನಮ್ಮ ಮೈ ಗುನುಗುತ್ತದೆ. ಹಾಲು ಉಕ್ಕುವ ಮುಂಚೆ ಪಾತ್ರೆಯ ತಳದಲ್ಲಿ ಒಂದು ಸದ್ದು ಏಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಅಪ್ಪನಿಂದಲೋ ಅವ್ವನಿಂದಲೋ ಬರುತ್ತದೆ, ಇಬ್ಬರಿಂದಲೂ ಬಂದರೆ ತುಸು ಜೋರು. ನಿದ್ದೆಯಲ್ಲಿ ಇಳಿಯುತ್ತದೆ, ಹೆದರಿದರೆ ಏರುತ್ತದೆ. ಈ ಕೊನೆಯದೇ ನನ್ನ ಕಷ್ಟ. ನಾನು ಹೆದರದೆ ಇರುವ ಹೊತ್ತು ಬಹಳ ಕಡಿಮೆ. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಕಿಟಕಿಯ ಪಕ್ಕ ಕೂರಿಸುತ್ತಿದ್ದರು, ಸದ್ದು ಹೊರಗೆ ಹೋಗಲಿ ಎಂದು. ಕಾಲೇಜಿನಲ್ಲಿ ಪರೀಕ್ಷೆಗೆ ಬೇರೆ ಕೋಣೆ. ಯಾರಾದರೂ ದೊಡ್ಡವರ ಮುಂದೆ ಹೋಗುವಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡರೆ ಗುನುಗು ತಗ್ಗುತ್ತದೆ ಎಂದು ಅವ್ವ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ತಗ್ಗುತ್ತದೆ, ನಿಜ. ಆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವಾಗ ಮಾತಾಡುವುದು ಹೇಗೆ ಎಂಬುದನ್ನು ಅವಳು ಹೇಳಿಕೊಡಲಿಲ್ಲ. ಬಹುಶಃ ಅದರಿಂದಲೇ ನಾನು ಕಡಿಮೆ ಮಾತಿನವಳಾದೆ, ಮಾತನ್ನು ತೂಗಿ ಆಡುವವಳಾದೆ.

ನಮ್ಮನ್ನು ಒಳ್ಳೆಯ ಮನಸ್ಸಿನವರು 'ಗುನುಗಿನವರು' ಎನ್ನುತ್ತಾರೆ. ಜಗಳಕ್ಕೆ ನಿಂತವರು 'ಜೀರುಂಡೆ' ಎನ್ನುತ್ತಾರೆ. ಕಾಯ್ದೆಯಲ್ಲಿ ಮಾತ್ರ 'ದೇಹಧ್ವನಿ ಉಳ್ಳವರು' ಎಂದಿದೆ. ಆ ಕಾಯ್ದೆ ಬಂದದ್ದು ನಾನು ಹುಟ್ಟುವ ಮೊದಲೇ. ದೇಹಧ್ವನಿಯ ಕಾರಣಕ್ಕೆ ಯಾರಿಗೂ ಕೆಲಸ ನಿರಾಕರಿಸಬಾರದು, ಯಾರನ್ನೂ ಕೆಲಸದಿಂದ ತೆಗೆಯಬಾರದು, ಕೆಲಸದ ಜಾಗದಲ್ಲಿ ಕೀಳಾಗಿ ಕಾಣಬಾರದು ಎಂದು ಅದು ಹೇಳುತ್ತದೆ. ಅದಕ್ಕೊಂದು ಬಾಲವೂ ಇದೆ: ಕೆಲಸದ ಸ್ವರೂಪವೇ ನಿಶ್ಶಬ್ದವನ್ನು ಬೇಡುವಲ್ಲಿ ಇದು ಅನ್ವಯಿಸುವುದಿಲ್ಲ. ಅದರ ಒಂದು ಪ್ರತಿಯನ್ನು ಕಂಚಿನ ಕಾರ್ಖಾನೆಯ ಮ್ಯಾನೇಜರ್ ಅಚ್ಯುತಯ್ಯನವರ ಕೋಣೆಯಲ್ಲಿ ಗಾಜು ಹಾಕಿ ಗೋಡೆಗೆ ತೂಗುಹಾಕಿದ್ದರು. ಆ ಕೋಣೆಗೆ ಹೋದಾಗಲೆಲ್ಲ ನಾನು ಅದನ್ನು ಓದುತ್ತಿದ್ದೆ. ಅಚ್ಯುತಯ್ಯನವರು ಆ ಗಾಜಿನಲ್ಲಿ ಮುಖ ನೋಡಿಕೊಂಡು ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು.

ಊರೆಲ್ಲ ಬದುಕುವುದು ಆ ಕಾರ್ಖಾನೆಯಿಂದ. ಗಂಟೆ, ಜಾಗಟೆ, ಬಟ್ಟಲು, ಎಲ್ಲವೂ ಅಲ್ಲಿ ಎರಕವಾಗುತ್ತವೆ. ಹೊರಗೆ ಹೋಗುವ ಮುಂಚೆ ಪ್ರತಿಯೊಂದೂ ಪರೀಕ್ಷೆಯ ಕೋಣೆಗೆ ಬರಬೇಕು. ಅಲ್ಲಿ ಮರದ ಕೊಡತಿಯಿಂದ ಒಂದೇ ಏಟು ಹಾಕಿ, ನಾದ ಹುಟ್ಟಿದಲ್ಲಿಂದ ಆರುವವರೆಗೂ ಕಿವಿಯಿಟ್ಟು ಕೇಳಿ, ಪಾಸೋ ಹಸಿಯೋ ಹೇಳಬೇಕು. ಹಸಿ ಎಂದರೆ ಮತ್ತೆ ಕುಲುಮೆಗೆ. ಕೋಣೆಯ ಹಿರಿಯರು ಶೇಷಪ್ಪನವರು. ಕಿವಿಯಲ್ಲಿ ಕೂದಲು ಬೆಳೆದಿದ್ದರೂ ಕೂದಲೆಳೆಯಷ್ಟು ಬಿರುಕನ್ನು ಕಿವಿಯಲ್ಲೇ ಹಿಡಿಯುವವರು. ಅವರ ಕೈಕೆಳಗೆ ಪರೀಕ್ಷಕಿಯಾಗಲು ನಾನು ಅರ್ಜಿ ಹಾಕಿದಾಗ ಅವ್ವ, "ಗುನುಗೋಳು ಹೋಗಿ ಗಂಟೆ ಕೇಳ್ತೀನಿ ಅಂತೀಯಲ್ಲ ಮಗಾ, ನಗಲ್ವಾ ಜನ?" ಎಂದಿದ್ದಳು. ಜನ ನಕ್ಕರು ಕೂಡ. ಆದರೆ ಕಿವಿಯ ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಒಂದು ವರ್ಷ ಪ್ರೊಬೇಷನ್ ಎಂದು ತೆಗೆದುಕೊಂಡರು.

ಆ ವರ್ಷವೆಲ್ಲ ನಾನು ಮೈಮೇಲೆ ದಪ್ಪ ಶಾಲು ಹೊದ್ದುಕೊಂಡೇ ಇದ್ದೆ, ಬೇಸಿಗೆಯಲ್ಲೂ. ಕೊಡತಿ ಎತ್ತುವ ಮುಂಚೆ ತಣ್ಣೀರು ಕುಡಿಯುತ್ತಿದ್ದೆ. ಶೇಷಪ್ಪನವರು ಒಮ್ಮೆಯೂ ತೊಂದರೆಯಾಯಿತು ಎನ್ನಲಿಲ್ಲ. ಒಂದು ಸಲ ಮಾತ್ರ, "ವಾರಿಜಮ್ಮ, ಶಾಲು ತೆಗೀರಿ, ನಿಮ್ಮನ್ನ ನೋಡಿ ನಂಗೇ ಬೆವರ್ತದೆ" ಎಂದಿದ್ದರು. ಆ ಮಾತನ್ನು ನಾನು ಮನೆಗೆ ಹೋಗಿ ಅವ್ವನಿಗೆ ಹೇಳಿ, ಮಲಗುವಾಗ ಮತ್ತೊಮ್ಮೆ ನನಗೇ ಹೇಳಿಕೊಂಡಿದ್ದೆ.

ವರ್ಷ ಮುಗಿಯುವ ಹೊತ್ತಿಗೆ ದೊಡ್ಡ ಖರೀದಿದಾರರೊಬ್ಬರು ಕಾರ್ಖಾನೆ ನೋಡಲು ಬಂದರು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗಿ, ಅಚ್ಯುತಯ್ಯನವರನ್ನು ಕೇಳಿದರು: "ಓಹೋ, ಇಲ್ಲೂ ಇವರನ್ನ ಇಟ್ಕೊಂಡಿದ್ದೀರಾ?" ಅಷ್ಟೇ. ಬೈಯಲಿಲ್ಲ, ದೂರಲಿಲ್ಲ. ಆದರೆ ಮಾರನೆಯ ದಿನವೇ ಅಚ್ಯುತಯ್ಯನವರು ನನ್ನನ್ನು ಕರೆಸಿದರು.

"ನೋಡಮ್ಮ, ನಿನ್ನ ಕೆಲಸದ ಬಗ್ಗೆ ಯಾರೂ ಒಂದು ಮಾತು ಆಡಿಲ್ಲ" ಎಂದರು. ಹೀಗೆ ಶುರುವಾದ ಮಾತು ಎಲ್ಲಿ ಮುಗಿಯುತ್ತದೆ ಎಂದು ನಮ್ಮವರಿಗೆ ಗೊತ್ತು. ನನ್ನ ಗುನುಗು ಏರಿತು. "ನೋಡು, ಇದೇ, ಇದೇ. ಆ ಕೋಣೆಗೆ ನಿಶ್ಶಬ್ದ ಬೇಕು. ಕಾಯ್ದೆಯಲ್ಲೇ ಇದೆ. ನಾಳೆಯಿಂದ ಹಿಂದುಗಡೆ ಪಾಲಿಶ್ ಶೆಡ್‌ಗೆ ಹೋಗು. ಅಲ್ಲಿ ನಿಮ್ಮೋರೇ ಇದ್ದಾರೆ, ನಿಂಗೂ ಆರಾಮ."

ಪಾಲಿಶ್ ಶೆಡ್ ಎಂದರೆ ಹುಣಸೆಹುಳಿ, ಇಟ್ಟಿಗೆ ಪುಡಿ ಹಾಕಿ ಕಂಚನ್ನು ಉಜ್ಜುವ ಜಾಗ. ಅಲ್ಲಿ ದುಡಿಯುವವರೆಲ್ಲ ಗುನುಗಿನ ಹೆಂಗಸರು. ಅವರನ್ನು ಕರೆತರುವವನು ಮೇಸ್ತ್ರಿ, ಕೂಲಿ ಕೊಡುವವನೂ ಅವನೇ, ಆದ್ದರಿಂದ ಕಾರ್ಖಾನೆಯ ಲೆಕ್ಕದಲ್ಲಿ ಅವರು ನೌಕರರೇ ಅಲ್ಲ. ಹಿಂದಿನ ಬಾಗಿಲಿನಿಂದ ಬರಬೇಕು, ಕ್ಯಾಂಟೀನಿಗೆ ಕಾಲಿಡುವಂತಿಲ್ಲ. ಅಂದರೆ ನನ್ನನ್ನು ಕೆಲಸದಿಂದ ತೆಗೆದಂತೆಯೂ ಕಾಣಬಾರದು, ಇಟ್ಟುಕೊಂಡಂತೆಯೂ ಆಗಬಾರದು. ನಾಲಿಗೆಯನ್ನು ಅಂಗುಳದಿಂದ ಬಿಡಿಸಿಕೊಂಡು ನಾನು ಒಂದೇ ಮಾತು ಹೇಳಿದೆ: "ನಾನು ಲೇಬರ್ ಆಫೀಸಿಗೆ ದೂರು ಕೊಡ್ತೀನಿ ಸಾರ್." ಹೇಳಿದ್ದು ನಾನೇನಾ ಎಂದು ನನಗೇ ಅನುಮಾನವಾಯಿತು. ಅಚ್ಯುತಯ್ಯನವರಿಗೂ ಆಗಿರಬೇಕು, ಅವರು ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು.

ದೂರು ಕೊಟ್ಟ ಮೇಲೆ, ತೀರ್ಮಾನವಾಗುವ ತನಕ ಗೇಟಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಕೂತಿರು ಎಂದರು. ಕೆಲಸವಿಲ್ಲ, ಕೂತಿರಬೇಕು ಅಷ್ಟೇ. ಹೋಗಿಬರುವ ವಾಚ್‌ಮನ್ನರು "ಏನಮ್ಮ, ನಮ್ ಟ್ರಾನ್ಸ್‌ಫಾರ್ಮರ್ ಇವತ್ತು ಜೋರಾಗಿದೆ" ಎಂದು ತಮಾಷೆ ಮಾಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕ್ಯಾಂಟೀನಿಗೆ ಹೋಗಲು ಮನಸ್ಸಾಗದೆ ನಾನು ಡಬ್ಬಿ ಹಿಡಿದು ಪಾಲಿಶ್ ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿನ ಹಿರಿಯಳು ಹೊನ್ನಕ್ಕ. ಬೆರಳುಗಳು ಹುಣಸೆಹುಳಿಗೆ ಬಿಳಿಚಿಕೊಂಡಿದ್ದವು, ಬಾಯಿ ಮಾತ್ರ ಖಾರ.

"ಏನವ್ವಾ ಓದಿದೋಳೇ, ಕಾಯ್ದೆ ನಿನ್ ಕಡೆ ಅದೆ ಅಂತೆ?"

"ಇದೆ ಹೊನ್ನಕ್ಕ. ಆದ್ರೆ ನಿಶ್ಶಬ್ದ ಬೇಕಾದ ಕೆಲಸಕ್ಕೆ ಅನ್ವಯಿಸಲ್ಲ ಅಂತಾನೂ ಇದೆ."

"ಮತ್ತೆ ನಮ್ ಕಡೆ?"

ಕಾಯ್ದೆಯಲ್ಲಿ 'ನೌಕರ' ಎಂದಿತ್ತು. ಮೇಸ್ತ್ರಿಯ ಮಾತೇ ಇರಲಿಲ್ಲ. ಅದನ್ನು ಹೇಗೆ ಹೇಳಲಿ ಎಂದು ಪದ ಹುಡುಕುತ್ತಿದ್ದೆ.

"ಬಿಡು, ಗೊತ್ತಾಯ್ತು" ಎಂದಳು ಹೊನ್ನಕ್ಕ. "ಕಾಯ್ದೆಗೂ ಮುಂದಿನ್ ಬಾಗ್ಲು, ಹಿಂದಿನ್ ಬಾಗ್ಲು ಅವೆ." ಶೆಡ್ಡಿನವರೆಲ್ಲ ನಕ್ಕರು. ಅಷ್ಟು ಜನ ಒಟ್ಟಿಗೆ ನಕ್ಕಾಗ ಅಷ್ಟು ಜನರ ಗುನುಗೂ ಸೇರಿ ತಗಡಿನ ಸೂರು ಸಣ್ಣಗೆ ನಡುಗಿತು. ಶೆಡ್ಡಿಗೂ ಪರೀಕ್ಷೆಯ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆದರೂ ಅದರ ಬಗ್ಗೆ ಆ ಹೊತ್ತಿನಲ್ಲಿ ನಾನೂ ಯೋಚಿಸಲಿಲ್ಲ, ಬೇರೆ ಯಾರೂ ಯೋಚಿಸಿರಲಿಲ್ಲ.

ಲೇಬರ್ ಆಫೀಸಿನಿಂದ ಹೇಳಿಕಳುಹಿಸಿದರು: ಅಧಿಕಾರಿ ಪದ್ಮಾಕ್ಷಿಯವರು ತಾವೇ ಬಂದು ಕೋಣೆಯನ್ನು ನೋಡುತ್ತಾರೆ, ಕೇಳುತ್ತಾರೆ. ಅಚ್ಯುತಯ್ಯನವರು ತಯಾರಿಗೆ ನಿಂತರು. ಪರೀಕ್ಷೆಯ ಕೋಣೆಗೆ ಜಮಖಾನ ಬಂತು. ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿದರು. ಗಡಿಯಾರ ತೆಗೆಸಿದರು. ಆಮೇಲೆ ಅವರಿಗೆ ಗೋಡೆಯಾಚೆಯ ಶೆಡ್ಡಿನ ನೆನಪಾಯಿತು. ಅಧಿಕಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಒಂದು ಟ್ರ್ಯಾಕ್ಟರ್ ತರಿಸಿ, ಹಿಂದಿನ ಬಾಗಿಲಲ್ಲಿ ನಿಲ್ಲಿಸಿ, ಹೊನ್ನಕ್ಕನನ್ನೂ ಅವಳ ಜೊತೆಯವರನ್ನೂ ಹುಣಸೆಹುಳಿಯ ಬಾನಿಗಳ ಸಮೇತ ಹತ್ತಿಸಿ, ಹೊಳೆಯ ದಂಡೆಯ ಹಳೆಯ ಗೋದಾಮಿಗೆ ಸಾಗಿಸಿದರು. ಮೇಸ್ತ್ರಿ ಊರಲ್ಲೇ ಇರಲಿಲ್ಲ, ಯಾವುದೋ ಮದುವೆಗೆ ಹೋಗಿದ್ದ. ಟ್ರೇಲರಿನಲ್ಲಿ ನಿಂತ ಹೊನ್ನಕ್ಕ ಗೇಟಿನ ಕೋಣೆಯತ್ತ ಕೈಬೀಸಿ, "ನಿನ್ ದೆಸೆಯಿಂದ ನಮ್ಗೂ ಮೆರವಣಿಗೆ ಆಯ್ತು ಕಣೇ!" ಎಂದು ಕೂಗಿದಳು. ನನಗೆ ನಗು ಬರಲಿಲ್ಲ. ಇವರಿಗೂ ನನ್ನಿಂದ ಕಷ್ಟ ಬಂತಲ್ಲ ಎಂದುಕೊಂಡೆ.

ಅದೇ ದಿನ ಸಂಜೆ ಶೇಷಪ್ಪನವರು ಗೇಟಿನ ಹತ್ತಿರ ಬಂದು ನಿಂತರು. ಮುಖ ಇಳಿದಿತ್ತು.

"ಎರಕದಲ್ಲೇ ಏನೋ ಕೆಟ್ಟಿದೆ ವಾರಿಜಮ್ಮ. ಬೆಳಿಗ್ಗೆಯಿಂದ ಒಂದೂ ಪಾಸಾಗಿಲ್ಲ. ಎಲ್ಲಾ ಹಸಿ. ತವರ ಕಮ್ಮಿ ಆಯ್ತಾ ಅಂತ ಮ್ಯಾನೇಜರು ಕುಲುಮೆಯೋರಿಗೆ ಬೈದ್ರು. ಅವರು ತವರ ಜಾಸ್ತಿ ಹಾಕಿ ಮತ್ತೆ ಎರಕ ಹೊಯ್ದ್ರು. ಅದೂ ಹಸಿ."

"ಬಿರುಕಾ ಸಾರ್?"

"ಬಿರುಕಲ್ಲ. ನಾದ ಹುಟ್ಟತ್ತೆ, ಆದ್ರೆ ಬೋಳು ಬೋಳು. ಬಾಲ ಕಿತ್ಕೊಂಡಂಗೆ." ಅವರು ಕಿವಿಯನ್ನು ಕಿರುಬೆರಳಿನಿಂದ ಕೆದಕಿಕೊಂಡರು. "ನಂಗೇ ವಯಸ್ಸಾಯ್ತೋ ಏನೋ."

ಒಂದು ದಿನದ ಒಳ್ಳೆಯ ಗಂಟೆಗಳನ್ನೆಲ್ಲ ಅವರು ಕರಗಿಸಿಬಿಟ್ಟಿದ್ದರು. ಅದು ಗೊತ್ತಾದದ್ದು ಆಮೇಲೆ.

ಮಾರನೆಯ ದಿನ ಪದ್ಮಾಕ್ಷಿಯವರು ಬಂದರು. ನಡುವಯಸ್ಸು, ಹತ್ತಿಯ ಸೀರೆ, ಕೈಯಲ್ಲೊಂದು ಛತ್ರಿ. ಅವರ ಮೈಯಲ್ಲಿ ಸದ್ದಿರಲಿಲ್ಲ. ಅದನ್ನು ಗಮನಿಸಿದ ಕೂಡಲೇ ನನ್ನ ಧೈರ್ಯ ಅರ್ಧ ಹೋಯಿತು. ನನ್ನನ್ನು ಅಂಗಳದ ಆಚೆ ಬದಿಯ ಕಲ್ಲುಬೆಂಚಿನ ಮೇಲೆ ಕೂರಿಸಿ ಅವರೆಲ್ಲ ಒಳಗೆ ಹೋದರು. ಪರೀಕ್ಷೆಯ ಕೋಣೆಗೆ ದೊಡ್ಡ ಗಾಜಿನ ಕಿಟಕಿಯಿದೆ. ನನಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

ಅಚ್ಯುತಯ್ಯನವರು ಕೈ ಆಡಿಸುತ್ತ ಏನೋ ವಿವರಿಸಿದರು. ಶೇಷಪ್ಪನವರು ಒಂದು ಬಟ್ಟಲು ಎತ್ತಿ ಹೊಡೆದರು, ತಲೆ ಅಲ್ಲಾಡಿಸಿ ಪಕ್ಕಕ್ಕಿಟ್ಟರು. ಇನ್ನೊಂದು. ಅದನ್ನೂ ಪಕ್ಕಕ್ಕಿಟ್ಟರು. ಪದ್ಮಾಕ್ಷಿಯವರು ಏನೋ ಕೇಳಿದರು. ಆಗ ಶೇಷಪ್ಪನವರು ಎದ್ದು, ಗೋಡೆಯ ಗೂಡಿನಿಂದ ಮಾದರಿ ಗಂಟೆಯನ್ನು ತೆಗೆದರು. ಅದು ಅವರ ಗುರುಗಳ ಕಾಲದ್ದು. ಒಳ್ಳೆಯ ನಾದ ಎಂದರೇನು ಎಂದು ನಾವೆಲ್ಲ ಕಲಿಯುವುದು ಅದರಿಂದಲೇ. ಅದನ್ನು ಹೊಡೆದು ಕಿವಿ ವಾಲಿಸಿದರು. ಮತ್ತೊಮ್ಮೆ ಹೊಡೆದರು. ಆಮೇಲೆ ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು, ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನನಗೆ ಓಡಿಹೋಗಿ ಅವರ ಕೈ ಹಿಡಿಯಬೇಕೆನಿಸಿತು. ಓಡಿಹೋಗುವ ಸ್ವಭಾವ ನನ್ನದಲ್ಲ, ಬೆಂಚಿನ ಅಂಚನ್ನೇ ಹಿಡಿದು ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಪದ್ಮಾಕ್ಷಿಯವರೇ ಕರೆದರು. "ಬನ್ನಿಮ್ಮ. ನಿಮ್ಮಿಂದ ಏನು ತೊಂದರೆ ಆಗತ್ತೆ ಅಂತ ನಾನೂ ಕೇಳ್ತೀನಿ."

ಅಂಗಳ ದಾಟುವಾಗಲೇ ನನ್ನ ಗುನುಗು ಕತ್ತಿನವರೆಗೆ ಏರಿತ್ತು. ನಾಲಿಗೆ ಒತ್ತಿದೆ, ತಗ್ಗಲಿಲ್ಲ. ಹೊಸ್ತಿಲ ಮೇಲೆ ನಿಂತೆ. ಆ ಸತ್ತ ಮೌನದಲ್ಲಿ ನನ್ನ ಸದ್ದು ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಎಲ್ಲ ಮುಗಿಯಿತು, ಇನ್ನು ಶೆಡ್ಡೇ ಗತಿ ಎಂದುಕೊಂಡೆ. ಅಚ್ಯುತಯ್ಯನವರು ಪದ್ಮಾಕ್ಷಿಯವರ ಕಡೆ ನೋಡಿ, ನೋಡಿದಿರಾ ಎಂಬಂತೆ ಹುಬ್ಬೇರಿಸಿದರು.

ಶೇಷಪ್ಪನವರು ತಲೆ ಎತ್ತಿದರು. ಯಾರೂ ಹೇಳದೆಯೇ ಕೊಡತಿ ತೆಗೆದುಕೊಂಡು ಮಾದರಿ ಗಂಟೆಗೆ ಹೊಡೆದರು. ನಾದ ಹುಟ್ಟಿತು, ತುಂಬಿತು, ಕೋಣೆಯ ಮೂಲೆಗಳಿಗೆಲ್ಲ ಹೋಗಿ ನಿಧಾನವಾಗಿ ಹಿಂದಿರುಗಿತು.

"ಬಂತು" ಎಂದರು ಶೇಷಪ್ಪನವರು.

"ಏನ್ರೀ ಬಂತು?" ಅಚ್ಯುತಯ್ಯನವರು ಸಿಡುಕಿದರು.

"ಗಂಟೆಗೆ ಜೀವ ಬಂತು ಸ್ವಾಮಿ." ಅವರು ಪಕ್ಕಕ್ಕಿಟ್ಟಿದ್ದ ಬಟ್ಟಲುಗಳನ್ನು ಒಂದೊಂದಾಗಿ ಹೊಡೆದರು. "ಪಾಸು. ಇದೂ ಪಾಸು. ಅಯ್ಯೋ ದೇವರೇ, ನಿನ್ನೆ ಏನೇನು ಕರಗಿಸಿಬಿಟ್ವಿ!"

ಪದ್ಮಾಕ್ಷಿಯವರು ನನ್ನನ್ನು ಬೆಂಚಿಗೆ ಕಳಿಸಿದರು, ಮತ್ತೆ ಕರೆದರು, ಮತ್ತೆ ಕಳಿಸಿದರು. ನಾನು ಹೋದಾಗ ಹಸಿ, ಬಂದಾಗ ಪಾಸು. ಕೊನೆಗೆ ಅವರು ಛತ್ರಿಯ ತುದಿಯಿಂದ ಹಿಂದಿನ ಗೋಡೆಯನ್ನು ಮೆಲ್ಲಗೆ ತಟ್ಟಿದರು. "ಇದರ ಆಚೆ ಏನಿದೆ?"

ಅಚ್ಯುತಯ್ಯನವರು ಕ್ರಾಪು ಸರಿಮಾಡಿಕೊಂಡರು. ಶೇಷಪ್ಪನವರೇ ಹೇಳಿದರು. "ಪಾಲಿಶ್ ಶೆಡ್ ಮೇಡಂ. ನಾನು ಕೆಲಸಕ್ಕೆ ಸೇರೋಕೆ ಮುಂಚಿನಿಂದಾನೂ ಅಲ್ಲೇ ಇದೆ. ಎಲ್ಲಾ ಗುನುಗಿನೋರು." ಹೇಳುತ್ತ ಹೇಳುತ್ತ ಅವರ ಬಾಯಿ ಹಾಗೇ ತೆರೆದುಕೊಂಡಿತು. "ನಮ್ ಗುರುಗಳೂ ಇದೇ ಕೋಣೆಲೇ ಕೇಳ್ತಿದ್ದಿದ್ದು..."

"ಈಗ ಎಲ್ಲಿದ್ದಾರೆ ಅವರು?"

"ಶೆಡ್ ರಿಪೇರಿ ಇತ್ತು ಮೇಡಂ" ಎಂದರು ಅಚ್ಯುತಯ್ಯನವರು. "ಅದಕ್ಕೇ ಸ್ವಲ್ಪ ಗೋದಾಮಿಗೆ..."

ಪದ್ಮಾಕ್ಷಿಯವರು ಇನ್ನೇನೂ ಕೇಳಲಿಲ್ಲ. ಮುಂದಿನ ವಾರ ಆಫೀಸಿನಲ್ಲಿ ವಿಚಾರಣೆ ಎಂದು ಹೇಳಿ, ಛತ್ರಿ ಬಿಚ್ಚಿಕೊಂಡು ಹೊರಟರು.

ಆ ವಾರದಲ್ಲೇ ಅಚ್ಯುತಯ್ಯನವರು ನನ್ನನ್ನು ಮತ್ತೆ ಕರೆಸಿದರು. ಈ ಸಲ ಕೂರಲು ಕುರ್ಚಿ, ಕುಡಿಯಲು ಕಾಫಿ. "ನಿನ್ನನ್ನ ಪರ್ಮನೆಂಟ್ ಮಾಡ್ತೀವಮ್ಮ. ಅದೇ ಕೋಣೆ, ಅದೇ ಸಂಬಳ. 'ನಾದ ಸಹಾಯಕಿ' ಅಂತ ಹೊಸ ಹುದ್ದೆ ಮಾಡಿದ್ದೀವಿ, ನಿಂಗೋಸ್ಕರಾನೇ. ಕೊಡತಿ ಹಿಡಿಯೋ ಶ್ರಮಾನೂ ಇಲ್ಲ. ಮೂಲೇಲಿ ಮೆತ್ತೆ ಹಾಕಿದ ಕುರ್ಚಿ ಇರತ್ತೆ, ಕೂತಿದ್ರೆ ಸಾಕು. ಆ ದೂರೊಂದು ವಾಪಸ್ ತಗೋ."

ನಾನು ಒಪ್ಪಿಬಿಡುವುದರಲ್ಲಿದ್ದೆ. ಇದನ್ನು ಬರೆಯುವಾಗಲೂ ನನಗೆ ಸಂಕೋಚವಿಲ್ಲ. ಕೆಲಸ ಹೋಗುತ್ತದೆಂದು ಊಟ ಸೇರದೆ ಕಳೆದ ದಿನಗಳು ಹಿಂದಿದ್ದವು. ಪರ್ಮನೆಂಟ್ ಎಂಬ ಪದ ಕೇಳಿದಾಗ ಮೈ ಹಗುರಾಯಿತು. ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ಅವ್ವ ಎರಡು ಮಾತಿಲ್ಲದೆ ಹೇಳಿದಳು: "ಒಪ್ಕೋ ಮಗಾ. ಕೂರಿಸಿ ಸಂಬಳ ಕೊಡೋರು ಎಲ್ಲಿ ಸಿಕ್ತಾರೆ?"

ಹೊನ್ನಕ್ಕನನ್ನು ನೋಡಲು ಹೊಳೆಯ ದಂಡೆಯ ಗೋದಾಮಿಗೆ ಹೋದೆ. ಅವರನ್ನಿನ್ನೂ ವಾಪಸು ಕರೆತಂದಿರಲಿಲ್ಲ. ಕರೆತಂದರೆ ರಿಪೇರಿಯ ಸುಳ್ಳು ಹೊರಬೀಳುತ್ತದೆಂಬ ಭಯವಿರಬೇಕು. ಬಾವಲಿಗಳ ವಾಸನೆಯ ನಡುವೆ ಕೂತು ಉಜ್ಜುತ್ತಿದ್ದರು. ನಾನು ಎಲ್ಲ ಹೇಳಿದೆ.

"ಮೆತ್ತೇನೂ ಕೊಡ್ತಾರಂತಾ?" ಎಂದಳು ಹೊನ್ನಕ್ಕ.

"ಹೂಂ."

"ಒಳ್ಳೇದಾಯ್ತು ಬಿಡು. ತಂಬೂರಿನೂ ಹಂಗೇ ಅಲ್ವಾ, ರೇಷ್ಮೆ ಗವಸು ಹಾಕಿ ಮೂಲೇಲಿ ಒರಗಿಸ್ತಾರೆ. ಹಾಡೋರು ಬೇರೆ." ಅವಳು ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ನಿನ್ ಕಿವಿ ಚೆನ್ನಾಗದೆ ಅಂತ ತಾನೇ ನಿನ್ನ ತಕ್ಕಂಡಿದ್ದು?"

"ಹೌದು."

"ಈಗ ಕಿವಿ ಏನ್ ಮಾಡ್ತಾರಂತೆ?"

ಉತ್ತರಕ್ಕೆ ಕಾಯದೆ ಅವಳು ಮುಂದಿನ ಬಟ್ಟಲು ಎತ್ತಿಕೊಂಡಳು. ಹಿಂತಿರುಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ನನ್ನ ಮೈಯ ಸದ್ದು ಅವರಿಗೆ ಬೇಡವಾಗಿದ್ದಾಗ ಹೊರಗೆ ಹಾಕಿದರು, ಬೇಕಾದಾಗ ಒಳಗೆ ಕರೆದರು. ಎರಡು ಸಲವೂ ಅವರು ಕೇಳಿಸಿಕೊಂಡದ್ದು ಮೈಯನ್ನೇ. ನಾಳೆ ಯಾರಾದರೂ ಗುನುಗುವ ಯಂತ್ರವೊಂದನ್ನು ತಂದು ಆ ಮೂಲೆಯಲ್ಲಿಟ್ಟರೆ?

ವಿಚಾರಣೆಯ ದಿನ ಲೇಬರ್ ಆಫೀಸಿನ ಕೋಣೆಯಲ್ಲಿ ನಾಲ್ಕೇ ಕುರ್ಚಿ. ಪದ್ಮಾಕ್ಷಿ, ಅಚ್ಯುತಯ್ಯ, ಶೇಷಪ್ಪ, ನಾನು. ಹೊನ್ನಕ್ಕ ಕೂಲಿ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ.

ಅಚ್ಯುತಯ್ಯನವರು ಉತ್ಸಾಹದಲ್ಲಿದ್ದರು. "ಇನ್ನು ತಕರಾರೇ ಇಲ್ಲ ಮೇಡಂ. ಇವರ ದೇಹಧ್ವನಿ ನಮ್ಮ ಕೆಲಸಕ್ಕೆ ಸಹಾಯ ಆಗತ್ತೆ ಅಂತ ಗೊತ್ತಾಗಿದೆ. ಒಳ್ಳೆ ಹುದ್ದೇನೇ ಕೊಡ್ತಿದ್ದೀವಿ."

"ನೀವೇನಂತೀರಿ?" ಪದ್ಮಾಕ್ಷಿಯವರು ನನ್ನನ್ನು ಕೇಳಿದರು.

ನಾನು ಎದ್ದು ನಿಂತೆ. ಗುನುಗು ಎಷ್ಟು ಏರಿತ್ತೆಂದರೆ ಮೇಜಿನ ಮೇಲಿದ್ದ ಗಾಜಿನ ಲೋಟದೊಳಗೆ ನೀರು ಅದುರುತ್ತಿತ್ತು. ಎಲ್ಲರೂ ಲೋಟವನ್ನೇ ನೋಡುತ್ತಿದ್ದರು. ನಾಲಿಗೆಯನ್ನು ಒತ್ತಿಕೊಳ್ಳಲೇ, ಮಾತಾಡಲೇ? ಎರಡೂ ಆಗುವುದಿಲ್ಲ. ಮಾತಾಡಿದೆ.

"ಮೇಡಂ, ನನ್ನ ಸದ್ದಿನಿಂದ ತೊಂದರೆ ಇಲ್ಲ ಅಂತ ಗೊತ್ತಾದದ್ದು ಒಳ್ಳೆಯದೇ. ಆದರೆ ಅದರಿಂದ ಉಪಯೋಗ ಇದೆ ಅಂತ ನನಗೆ ಕೆಲಸ ಬೇಡ. ಉಪಯೋಗ ನಿಂತ ದಿನ ನಾನು ಮತ್ತೆ ಗೇಟಿನ ಕೋಣೆಗೆ ಬರಬೇಕಾಗುತ್ತದೆ. ನಾನು ಕಿವಿಯ ಪರೀಕ್ಷೆಯಲ್ಲಿ ಪಾಸಾಗಿ ಬಂದವಳು. ನನಗೆ ಕೊಡತಿ ಕೊಡಲಿ." ಇಲ್ಲಿಗೆ ಮುಗಿಸಬೇಕೆಂದು ಮನೆಯಲ್ಲಿ ಅಂದುಕೊಂಡು ಬಂದಿದ್ದೆ. ಆದರೆ ಬಾಗಿಲಲ್ಲಿ ಹೊನ್ನಕ್ಕ ಇದ್ದಳು. "ಮತ್ತೆ, ಅಷ್ಟು ವರ್ಷ ಆ ಕೋಣೆಯ ನಾದ ಕಾಯ್ದದ್ದು ನಾನಲ್ಲ. ಶೆಡ್ಡಿನವರು. ಅವರನ್ನ ಕಾಯ್ದೆ ಕಾಯತ್ತಾ ಅಂತ ಕೇಳಿ ಮೇಡಂ."

"ಅವರು ನಮ್ಮ ನೌಕರರೇ ಅಲ್ಲ!" ಅಚ್ಯುತಯ್ಯನವರ ದನಿ ಏರಿತು. "ಮೇಸ್ತ್ರಿ ಜನ. ಅವರಿಗೂ ನಮಗೂ ಏನೂ ಸಂಬಂಧ ಇಲ್ಲ."

ಪದ್ಮಾಕ್ಷಿಯವರು ಲೋಟವನ್ನು ಎತ್ತಿ ಒಂದು ಗುಟುಕು ನೀರು ಕುಡಿದರು. "ಹಾಗಾ? ನಾನು ಬರೋ ಹಿಂದಿನ ದಿನ ಅವರನ್ನ ಗೋದಾಮಿಗೆ ಕಳಿಸಿದ್ರಲ್ಲ. ಕಳಿಸಿದ್ದು ಯಾರು?"

"ಅದು... ರಿಪೇರಿ..."

"ರಿಪೇರಿ ಇರಲಿ. ಟ್ರ್ಯಾಕ್ಟರ್ ತರಿಸಿ, ಹತ್ತಿ ಅಂದವರು ಯಾರು? ಮೇಸ್ತ್ರಿನಾ?"

"ಮೇಸ್ತ್ರಿ ಮದ್ವೆಗೆ ಹೋಗಿದ್ದ ಕಣವ್ವಾ" ಎಂದಳು ಬಾಗಿಲಿನಿಂದ ಹೊನ್ನಕ್ಕ. "ಇವರೇ ಬಂದು, ಬಾನಿ ಎತ್ಕೊಳ್ಳಿ, ಬೇಗ ಬೇಗ ಅಂದ್ರು. ನಂಗೆ ಕೈ ಆಸರೆ ಕೊಟ್ಟು ಹತ್ತಿಸಿದ್ರು ಪಾಪ."

ಅಚ್ಯುತಯ್ಯನವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಕಡೆಗೆ, "ನಾನೇ ಮೇಡಂ" ಎಂದರು.

"ನೀವು ಹೇಳಿದ ಕಡೆ ಬಂದು, ನೀವು ಹೇಳಿದ ಕಡೆ ಹೋಗಿ, ನಿಮ್ಮ ಕಂಚನ್ನ ಉಜ್ಜೋರು ನಿಮ್ಮ ನೌಕರರಲ್ಲ ಅಂದ್ರೆ ಮತ್ತೆ ಯಾರ ನೌಕರರು?"

ತೀರ್ಪನ್ನು ಪದ್ಮಾಕ್ಷಿಯವರು ಅಲ್ಲೇ ಓದಿ ಹೇಳಿದರು. ಆ ಕೋಣೆಯ ಕೆಲಸ ಎಂದೂ ನಿಶ್ಶಬ್ದದಲ್ಲಿ ನಡೆದದ್ದೇ ಅಲ್ಲವಾದ್ದರಿಂದ ಕಾಯ್ದೆಯ ಬಾಲ ಇಲ್ಲಿ ತಾಗುವುದಿಲ್ಲ. ನನ್ನನ್ನು ಪರೀಕ್ಷಕಿಯಾಗಿಯೇ ಕಾಯಂ ಮಾಡಬೇಕು. ದೇಹಧ್ವನಿ ಕೆಲಸಕ್ಕೆ ಲಾಭವೋ ನಷ್ಟವೋ ಎಂಬ ಲೆಕ್ಕದ ಮೇಲೆ ಯಾರ ಹಕ್ಕೂ ನಿಂತಿಲ್ಲ, ಅದನ್ನು ಹೊಗಳಿ ಬೇರೆ ಮೂಲೆಯಲ್ಲಿ ಕೂರಿಸುವುದೂ ಭೇದ ಮಾಡುವುದೇ. ಪಾಲಿಶ್ ಶೆಡ್ಡಿನವರು ಮೇಸ್ತ್ರಿಯ ಮೂಲಕ ಬಂದಿದ್ದರೂ ಕಾಯ್ದೆಯ ನೆರಳಿನಲ್ಲೇ ಇದ್ದಾರೆ. ಬಾಗಿಲು, ಕ್ಯಾಂಟೀನು, ನಡೆಸಿಕೊಳ್ಳುವ ರೀತಿ ಎಲ್ಲರಿಗೂ ಒಂದೇ ಆಗಬೇಕು. ಅವರ ಕೂಲಿಯ ವಿಷಯ ಈ ದೂರಿನಲ್ಲಿ ಬಂದಿಲ್ಲ, ಅದಕ್ಕೆ ಅವರೇ ಬೇರೆ ದೂರು ಕೊಡಬೇಕು.

"ಕೊಡ್ತೀವಿ" ಎಂದಳು ಹೊನ್ನಕ್ಕ, ಇನ್ನೂ ಬಾಗಿಲಿಗೆ ಒರಗಿಯೇ.

ಆ ದಿನ ಮನೆಗೆ ಹೋಗಿ ಕಾಲು ತೊಳೆದುಕೊಂಡು ಒಳಗೆ ಬಂದರೆ ಅವ್ವ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ್ ಮಗಾ, ಮೈ ಸರಿಯಾಗಿಲ್ವಾ? ಸದ್ದೇ ಇಲ್ಲ!" ನಾನು ಎದೆಯ ಮೇಲೆ ಕೈಯಿಟ್ಟು ಕೇಳಿಸಿಕೊಂಡೆ. ಇತ್ತು. ಎಲ್ಲೋ ತಳದಲ್ಲಿ, ನಿದ್ದೆ ಹೋದವರದ್ದಿರುತ್ತದಲ್ಲ, ಅಷ್ಟು. ಎಚ್ಚರವಿದ್ದಾಗ ಅದು ಅಷ್ಟು ಇಳಿದದ್ದು ನನಗೆ ನೆನಪೇ ಇಲ್ಲ. ಅವ್ವನಿಗೆ ವಿಷಯ ಹೇಳಿದೆ. ಅವಳು ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಪಾಯಸಕ್ಕೆ ಇಟ್ಟಳು.

ನಾನು ಕೋಣೆಗೆ ಹಿಂದಿರುಗಿದೆ. ಶಾಲನ್ನು ಮನೆಯಲ್ಲೇ ಬಿಟ್ಟೆ. ಶೆಡ್ಡಿನವರೂ ಹಿಂದಿರುಗಿದರು, ಮುಂದಿನ ಗೇಟಿನಿಂದಲೇ. ಮೊದಲ ದಿನ ವಾಚ್‌ಮನ್ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದಾಗ, ಹೊನ್ನಕ್ಕ ಆ ಕೈಗೆ ತನ್ನ ಬುತ್ತಿಯ ಗಂಟು ಕೊಟ್ಟು ಒಳಗೆ ನಡೆದಳಂತೆ. ಕ್ಯಾಂಟೀನಿನಲ್ಲಿ ಕೆಲವರು ತಟ್ಟೆ ಎತ್ತಿಕೊಂಡು ದೂರದ ಮೇಜಿಗೆ ಹೋದರು, ಈಗಲೂ ಹೋಗುತ್ತಾರೆ. ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಬಾಡಿಗೆ ಮನೆಗಳ ಹಲಗೆಗಳು ಹಾಗೇ ಇವೆ. ಆ ಕಾಯ್ದೆ ಕೆಲಸದ ಜಾಗದ ಗೇಟು ದಾಟಿ ಬೀದಿಗೆ ಬರುವುದಿಲ್ಲ.

ಅವರು ಹಿಂದಿರುಗಿದ ಆ ಮೊದಲ ದಿನ ಮಧ್ಯಾಹ್ನ ದೊಡ್ಡ ಗಂಟೆಯೊಂದು ಪರೀಕ್ಷೆಗೆ ಬಂತು. ಶೇಷಪ್ಪನವರು ಕೊಡತಿಯನ್ನು ನನ್ನ ಕೈಗೆ ಕೊಟ್ಟು, ತಾವು ಕಣ್ಣುಮುಚ್ಚಿ ಕೂತರು. ಹೊಡೆದೆ. ನಾದ ಹುಟ್ಟಿತು, ಆದರೆ ಬೋಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಗೋಡೆಯಾಚೆ ಸದ್ದಿಲ್ಲ, ಊಟದ ಹೊತ್ತು. ಶೆಡ್ಡಿನವರೆಲ್ಲ ಕ್ಯಾಂಟೀನಿಗೆ ಹೋಗಿದ್ದರು. ಕೋಣೆಯಲ್ಲಿ ಉಳಿದಿದ್ದ ಸದ್ದು ನನ್ನದೊಂದೇ, ಅದೂ ಸಾಲುತ್ತಿರಲಿಲ್ಲ.

ಶೇಷಪ್ಪನವರು ಗಂಟಲು ಸರಿಮಾಡಿಕೊಂಡರು. ಕೇಳಲೋ ಬೇಡವೋ ಎಂಬ ಸಂಕೋಚ ಅವರ ಮುಖದಲ್ಲಿತ್ತು. "ವಾರಿಜಮ್ಮ, ತಪ್ಪು ತಿಳ್ಕೋಬೇಡಿ. ಒಂದ್ಸಲ ಸ್ವಲ್ಪ ಹೆದರ್ಕೊಳ್ಳೋಕಾಗತ್ತಾ?"

ನಾನು ಪ್ರಯತ್ನಿಸಿದೆ, ನಿಜವಾಗಿಯೂ. ಅಚ್ಯುತಯ್ಯನವರ ಕೋಣೆಯನ್ನು ನೆನೆದೆ, ಗೇಟಿನ ಪಕ್ಕದ ಕೋಣೆಯನ್ನು ನೆನೆದೆ, ಕಲ್ಲುಬೆಂಚನ್ನು ನೆನೆದೆ.

"ಆಗ್ತಿಲ್ಲ ಸಾರ್" ಎಂದೆ.

ಅವರು ನಕ್ಕುಬಿಟ್ಟರು. ನಾನೂ ನಕ್ಕೆ. "ಹೋಗ್ಲಿ ಬಿಡಿ" ಎಂದು ಅವರು ಗೋಡೆಗೆ ಒರಗಿ ಕಾಲು ಚಾಚಿದರು. "ಅವರು ಊಟ ಮುಗಿಸ್ಕೊಂಡು ಬರ್ಲಿ."

ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು ನಾನೂ ಕೂತೆ. ಅಂಗಳದಾಚೆ ಕ್ಯಾಂಟೀನಿನಿಂದ ತಟ್ಟೆಗಳ ಸದ್ದು, ಮಧ್ಯೆ ಹೊನ್ನಕ್ಕನ ದನಿ ಕೇಳುತ್ತಿತ್ತು. ಸಾರಿಗೆ ಉಪ್ಪು ಕಮ್ಮಿ ಎಂದು ಯಾರಿಗೋ ಬೈಯುತ್ತಿದ್ದಳು. ಇನ್ನೊಂದು ಸಲ ಬಡಿಸಿಕೊಳ್ಳುತ್ತಾರೆ, ಬೇಗ ಬರುವುದಿಲ್ಲ ಎಂದು ತಿಳಿಯಿತು. ಗಂಟೆ ನಮ್ಮ ಮುಂದೆ ತೂಗುತ್ತ ಕಾದಿತ್ತು. ನಮಗೂ ಅವಸರವಿರಲಿಲ್ಲ.